ಅಡ್ಡ ಬಾರ್ ಗಂಡಸರ ಸ್ವತ್ತಲ್ಲ

ಅರವತ್ತು ದಾಟಿದ ಎಷ್ಟೋ ಗಂಡಸರು ಸೈಕಲ್ ಬಿಡೋದು ಹತ್ತೋಕೆ ಆಗದೆ. ತುಳಿಯೋ ಕಸುವು ಕಾಲಲ್ಲಿ ಇನ್ನೂ ಇರುತ್ತೆ. ಕ್ಯಾರಿಯರ್ ಮೇಲೆ ತರಕಾರಿ ಚೀಲ ಇಟ್ಟುಕೊಂಡು, ಅದರ ಮೇಲಿಂದ ಕಾಲು ಬೀಸಿ, ಸೀಟಿನಿಂದ ಹ್ಯಾಂಡಲ್‌ವರೆಗಿನ ಅಡ್ಡ ಬಾರ್ ದಾಟಿಸೋದೇ ಕಷ್ಟ. ನಮ್ಮಪ್ಪ ನಿಲ್ಲಿಸಿದ್ದೂ ಹೀಗೇ. ಬಾರ್ ಇಲ್ಲದ್ದು ಕೊಡಿಸೋಣ ಅಂತ ಅಂಗಡಿಗೆ ಕರೆದುಕೊಂಡು ಹೋದರೆ ಅಂಗಡಿಯವರು, "ಅದು ಲೇಡೀಸ್ ಸೈಕಲ್ ಸಾರ್, ಯಜಮಾನ್ರಿಗೆ ಚೆನ್ನಾಗಿರಲ್ಲ" ಅಂದುಬಿಟ್ಟರು. ಅಪ್ಪ ಮತ್ತೆ ಆ ಮಾತೇ ಎತ್ತಲಿಲ್ಲ. ನನಗೆ ಇವತ್ತಿಗೂ ಅದರ ಸಂಕಟ ಇದೆ.

ಆ ಬಾರ್ ಅಲ್ಲಿಗೆ ಬಂದ ಕಾರಣವೇ ಬೇರೆ. 1870ರ ದಶಕದ ಸೈಕಲ್ಲಿಗೆ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟದೊಂದು. ಚೈನ್ ಇಲ್ಲದೆ ಪೆಡಲ್ ನೇರವಾಗಿ ಮುಂಚಕ್ರಕ್ಕೇ ಇರುತ್ತಿದ್ದರಿಂದ, ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ. ಫ್ರೇಮ್ ಅಂದರೆ ಚಕ್ರದ ಮೇಲೆ ಬಾಗಿದ ಒಂದು ಕೊಳವೆ, ಅಷ್ಟೇ. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ. ಚೈನು ಹಿಂಚಕ್ರವನ್ನು ತಿರುಗಿಸಿತು, ಸವಾರ ಎರಡು ಚಕ್ರಗಳ ನಡುವೆ ಇಳಿದು ಕೂತ. ಆ ನಡುವಿನ ಜಾಗವನ್ನು ಗಟ್ಟಿಯಾಗಿ ಕಟ್ಟುವ ದಾರಿ ಹುಡುಕುತ್ತಾ ಕೆಲವೇ ವರ್ಷಗಳಲ್ಲಿ ಎರಡು ತ್ರಿಕೋನ ಜೋಡಿಸಿದಂಥ ಡೈಮಂಡ್ ಫ್ರೇಮ್ ಬಂತು. ಅದರ ಮೇಲಿನ ಕೊಳವೆಯೇ ಈ ಬಾರ್.

ನಾಲ್ಕು ಬಿದಿರು ಕಡ್ಡಿ ತುದಿ ಕಟ್ಟಿ ಚೌಕ ಮಾಡಿದರೆ ತಳ್ಳಿದ ಕಡೆ ವಾಲುತ್ತೆ, ಮೂರು ಕಟ್ಟಿದರೆ ಅಲುಗಲ್ಲ. ಡೈಮಂಡ್ ಫ್ರೇಮಿನ ಗುಟ್ಟು ಇಷ್ಟೇ. ತ್ರಿಕೋನದಲ್ಲಿ ಭಾರವೆಲ್ಲ ಹೆಚ್ಚಾಗಿ ಕೊಳವೆಯ ಉದ್ದಕ್ಕೇ ಬೀಳೋದರಿಂದ ತೆಳು ಕೊಳವೆಯೂ ತಡೆಯುತ್ತೆ. ಬಾರ್ ತೆಗೆದರೆ ಹ್ಯಾಂಡಲ್ ಕಡೆಯಿಂದ ಬರುವ ತಿರುಚನ್ನೆಲ್ಲ ಕೆಳಗಿನ ಕೊಳವೆಯೇ ತಾಳಬೇಕು. ಅದಕ್ಕೆ ದಪ್ಪ ಕೊಳವೆ, ಇಲ್ಲವೇ ಜೋಡಿ ಕೊಳವೆ ಹಾಕುತ್ತಾರೆ. ತೂಕ ಸ್ವಲ್ಪ ಏರುತ್ತೆ. ಸಂತೆಗೆ ಹೋಗಿ ಬರೋರಿಗೆ ಅದೊಂದು ಲೆಕ್ಕವೇ ಅಲ್ಲ.

ಬಾರ್ ಇಲ್ಲದ ಫ್ರೇಮನ್ನು ಹೆಂಗಸರಿಗೆ ಅಂತ ಮಾಡಿದ್ದು ಆ ಕಾಲದ ಇಂಗ್ಲೆಂಡ್, ಅಮೆರಿಕದ ಉದ್ದ ಲಂಗಗಳಿಂದಾಗಿ. ಆ ಲಂಗ ಹೋಗಿ ಎಷ್ಟು ಕಾಲವಾಯಿತು! ಪಂಚೆ ಉಡುವ ನಮ್ಮ ನಾಡಿನಲ್ಲಿ ಗಂಡಸರು ಮಾತ್ರ ಬಾರ್ ಸೈಕಲ್ಲಿಗೆ ಪಂಚೆ ಎತ್ತಿ ಕಟ್ಟುತ್ತಲೇ ಬಂದರು.

ನಮ್ಮ ಡಬಲ್ ಬಾರ್ ಸೈಕಲ್ ಮೇಲೆ ನನಗೆ ಅಪಾರ ಗೌರವ. ಹಾಲಿನ ಕ್ಯಾನ್, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರ್ ಹೊರೋದಕ್ಕೆ ಆ ಎರಡನೇ ಬಾರ್ ಬೇಕೇ ಬೇಕು. ಹಳೆಯದೊಂದು ಸಿಕ್ಕರೆ ಹ್ಯಾಂಡಲ್ ಕೆಳಗೆ ಕೊಳವೆಗಳು ಕೂಡುವ ಕಡೆ ನೋಡಿ. ಮೂಲೆಗೊಂದು ಕಬ್ಬಿಣದ ಗವಸು, ಅದರೊಳಗೆ ಕೊಳವೆ ತೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಪೇಂಟ್ ಎದ್ದುಹೋದ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತೆ. ಹೊರೆ ಹೊರುವವರಿಗೆ ಅದು ಸರಿ. ಉಳಿದವರಿಗೆ ಯಾಕೆ?

ರೇಸ್ ಸೈಕಲ್ಲುಗಳಲ್ಲಿ ಈ ಡೈಮಂಡ್ ಆಕಾರ ಉಳಿಯಲು ನಿಯಮಗಳೂ ಕಾರಣ. ಒರಗಿ ಕೂತು ತುಳಿಯುವ ಸೈಕಲ್ಲಿನಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ 1933ರಲ್ಲಿ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ತುಳಿದ ದಾಖಲೆ ಮುರಿದಾಗ, ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಆ ಬಗೆಯನ್ನು ಹೊರಗಿಟ್ಟಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ ಕೊಳವೆಗಳೇ ಇಲ್ಲದ, ಒಂದೇ ಅಚ್ಚಿನಲ್ಲಿ ಮಾಡಿದ ಕಾರ್ಬನ್ ಫೈಬರಿನದು. ಆಮೇಲೆ ಅಂಥವಕ್ಕೂ ಬಾಗಿಲು ಮುಚ್ಚಿತು. ಪೇಟೆಗೆ ಹೋಗಿ ಬರುವವರಿಗೆ ಈ ಯಾವ ನಿಯಮವೂ ಇಲ್ಲ. 1962ರಲ್ಲೇ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಪುಟ್ಟ ಚಕ್ರದ, ಮೇಲಿನ ಬಾರ್ ಇಲ್ಲದ ಸೈಕಲ್ ಮಾಡಿ ಗಂಡು ಹೆಣ್ಣು ಎಲ್ಲರಿಗೂ ಮಾರಿದರು.

2006-07ರಲ್ಲಿ ಶುರುವಾದ ನಮ್ಮ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲೂ ಎಂಟನೇ ಕ್ಲಾಸಿನ ಹುಡುಗರಿಗೆ ಬಾರ್ ಇರೋದು, ಹುಡುಗಿಯರಿಗೆ ಇಲ್ಲದ್ದು ಕೊಡುತ್ತಿದ್ದರು. ಬಡವರ ಮನೆಯಲ್ಲಿ ಒಂದೇ ಸೈಕಲ್ ಇರುತ್ತೆ. ಬಾರ್ ಇಲ್ಲದಿದ್ದರೆ ಅದನ್ನೇ ಅಮ್ಮ, ತಂಗಿ, ತಾತ ಎಲ್ಲರೂ ತುಳಿಯಬಹುದು. ಪ್ಯಾರಿಸ್ಸಿನ ಬಾಡಿಗೆ ಸೈಕಲ್ಲುಗಳಿಗೂ ಬಾರ್ ಇಲ್ಲ. ಬೆಂಗಳೂರಿನಲ್ಲಿ ಡೆಲಿವರಿ ಹುಡುಗರು ದಿನವಿಡೀ ಓಡಿಸುವ ಯುಲು ಅನ್ನೋ ಬಾಡಿಗೆ ಎಲೆಕ್ಟ್ರಿಕ್ ಗಾಡಿಗೂ ಇಲ್ಲ.

ಮನೆಯ ಹಿರಿಯರಿಗೆ ಕೊಳ್ಳುವಾಗ ಗೇರ್ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ಕ್ಯಾರಿಯರ್ ಮೇಲೆ ಭಾರದ ಚೀಲ ಇಟ್ಟು ಅವರಿಂದಲೇ ಹತ್ತಿಸಿ, ಇಳಿಸಿ ನೋಡಿ. ಹ್ಯಾಂಡಲ್ ಹಿಂದಿನ ಬೆಸುಗೆ ಒಂದೇ ಸಮನಾಗಿದೆಯಾ ನೋಡಿ. ಅಂಗಡಿಯವರು "ಲೇಡೀಸ್ ಸೈಕಲ್" ಅಂದರೆ, ಅದೇ ಬೇಕು ಅನ್ನಿ.