ಅನುಮತಿ ಮೊದಲು, ಅಗೆತ ಆಮೇಲೆ

ಆಸ್ಟ್ರೇಲಿಯಾಕ್ಕೆ ಮನುಷ್ಯ ಕಾಲಿಟ್ಟದ್ದು ಯಾವಾಗ ಎಂಬ ಜಗಳ ಮತ್ತೆ ಕಾವೇರಿದೆ. ಉತ್ತರದ ಮಡ್ಜೆಡ್‌ಬೆಬೆ ಕಲ್ಲಾಸರೆಯ ಮರಳು 65 ಸಾವಿರ ವರ್ಷ ಎನ್ನುತ್ತದೆ. ಗೆದ್ದಲು ಕೊರೆದ ಮರಳಲ್ಲಿ ಕಲ್ಲಿನ ಹತಾರಗಳು ಕೆಳಗೆ ಜಾರಿರಬಹುದು, 50 ಸಾವಿರಕ್ಕೆ ಮುಗಿಸಿಕೊಳ್ಳಿ ಎಂದು ಇನ್ನೊಂದು ಬಣ ಚೌಕಾಶಿಗೆ ಕೂತಿದೆ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲವಾಯಿತು ಎಂದು ಅಳೆದೇ ಈ ವಯಸ್ಸು ಹೇಳುವುದು. ಅದಕ್ಕೆ ಮಾದರಿ ತೆಗೆಯುವ ಮಡಿ ನೋಡಬೇಕು: ಉಕ್ಕಿನ ಕೊಳವೆಯನ್ನು ಮರಳಿನ ಪದರಕ್ಕೆ ಬಡಿದು, ತುದಿ ಬಿಗಿದು, ಮಂಕು ಕೆಂಪು ದೀಪದಡಿ ಬಿಚ್ಚಬೇಕು. ಚೂರು ಬಿಸಿಲು ತಾಗಿತೋ, ಕಣದೊಳಗೆ ಕೂಡಿದ್ದ ಕಾಲದ ಲೆಕ್ಕ ಸೊನ್ನೆ.

ಇಷ್ಟು ಮಡಿವಂತ ದೇಶದಲ್ಲೇ, ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪಿಲ್ಬರಾ ಪ್ರದೇಶದ ಜೂಕನ್ ಕಮರಿಯಲ್ಲಿ ಎರಡು ಗುಹೆಗಳಿದ್ದವು. ಕಬ್ಬಿಣದ ಅದಿರಿಗಾಗಿ ಅವನ್ನು ಕೆಡವಲು ರಿಯೊ ಟಿಂಟೊ ಕಂಪನಿಗೆ 2013ರಲ್ಲೇ ಅನುಮತಿ ಸಿಕ್ಕಿತು. ಒಳಗೇನಿದೆ ಎಂದು ಸರಿಯಾಗಿ ಅಗೆದು ನೋಡಿದ್ದು 2014ರಲ್ಲಿ. ಸಿಕ್ಕಿದ್ದು 46 ಸಾವಿರ ವರ್ಷಗಳ ವಾಸದ ಗುರುತು, 28 ಸಾವಿರ ವರ್ಷದ ಕಾಂಗರೂ ಮೂಳೆಯ ಹತಾರ, 4 ಸಾವಿರ ವರ್ಷದ ಹೆಣೆದ ಕೂದಲು. ಆ ಕೂದಲಿನ ಡಿಎನ್‌ಎ ಅಲ್ಲಿನ ಇಂದಿನ ಮೂಲನಿವಾಸಿಗಳಾದ ಪುಟು ಕುಂಟಿ ಕುರ್ರಾಮಾ ಮತ್ತು ಪಿನಿಕುರಾ ಜನಕ್ಕೆ ಹೊಂದಿತು. ಏನಾಯಿತು? ಮೂಲನಿವಾಸಿ ಪರಂಪರೆ ಕಾಯಲೆಂದೇ ಇದ್ದ ರಾಜ್ಯದ 1972ರ ಕಾಯ್ದೆಯಲ್ಲಿ, ಹೊಸ ಸಂಗತಿ ಗೊತ್ತಾದರೆ ಅನುಮತಿ ವಾಪಸ್ ಪಡೆಯುವ ದಾರಿಯೇ ಇರಲಿಲ್ಲ. ಮೇಲ್ಮನವಿಯ ಹಕ್ಕು ಆಗ ನೆಲ ಅಗೆಯುವವರಿಗೆ ಮಾತ್ರ ಇತ್ತು. 4 ಸಾವಿರ ವರ್ಷದ ವಂಶಾವಳಿ ಹಿಡಿದು ನಿಂತವರಿಗಿರಲಿಲ್ಲ!

ಈ ಖಂಡಕ್ಕೆ ಮೊದಲು ಬಂದವರಾದರೂ ಸುಮ್ಮನೆ ಬಂದವರಲ್ಲ. ಆಗ ಸಮುದ್ರ ತಗ್ಗಿ ಆಸ್ಟ್ರೇಲಿಯಾ, ನ್ಯೂಗಿನಿ, ಟಾಸ್ಮೇನಿಯಾ ಒಂದೇ ನೆಲವಾಗಿದ್ದವು. ಸಾಹುಲ್ ಅಂತ ಹೆಸರು. ಆದರೂ ದ್ವೀಪದಿಂದ ದ್ವೀಪಕ್ಕೆ ಹಾರುತ್ತ ಬಂದು, ಕೊನೆಗೆ ಸುಮಾರು 90 ಕಿ.ಮೀ. ತೆರೆದ ನೀರು ದಾಟಬೇಕಿತ್ತು. ಅವರ ತೆಪ್ಪದ ಒಂದು ಚಕ್ಕೆಯೂ ಸಿಕ್ಕಿಲ್ಲ. ಹಾಗಾಗಿ, ಅಲೆಗೆ ಸಿಕ್ಕ ನಾಲ್ಕು ಜನ ಮರದ ದಿಮ್ಮಿ ಹಿಡಿದು ತೇಲಿಬಂದು ಖಂಡ ತುಂಬಿಸಿದರು ಎನ್ನುವವರೂ ಇದ್ದಾರೆ. ಸಂತತಿ ಅಳಿಯದೆ ಉಳಿಯಲು ಸಾವಿರಕ್ಕೂ ಹೆಚ್ಚು ಮಂದಿ ಬೇಕಿತ್ತು ಎಂದು ಲೆಕ್ಕ ಹಾಕಿದವರ ಮಾತು ಅವರ ಕಿವಿಗೆ ಬೀಳುವುದಿಲ್ಲ. ಹಾಗೆ ಬಂದವರ ಸಂತತಿಯಾದ ಮೂಲನಿವಾಸಿಗಳನ್ನು ಜನಗಣತಿಗೆ ಸೇರಿಸಬಾರದೆಂಬ ಸಾಲು 1967ರವರೆಗೂ ಸಂವಿಧಾನದಲ್ಲೇ ಇತ್ತು. ಎಣಿಸದಿದ್ದರೆ ಇಲ್ಲ, ಇಲ್ಲದಿದ್ದರೆ ನೆಲ ಯಾರದ್ದೂ ಅಲ್ಲ. ಎಂಥ ಗಣಿತ!

2020ರ ಜುಲೈನಲ್ಲಿ ಬರುವ ಮೂಲನಿವಾಸಿಗಳ ಹಬ್ಬಕ್ಕೆ ಗುಹೆ ನೋಡಿಬರುತ್ತೇವೆ ಎಂದು ಜೂಕನ್ ಕಮರಿಯ ಆ ಜನ ಮೇ ತಿಂಗಳಲ್ಲಿ ಕೇಳಿದರು. ಆಗ ಗೊತ್ತಾಯಿತು, ಸುತ್ತಲಿನ ಕುಳಿಗಳಿಗೆ ಸಿಡಿಮದ್ದು ಇಳಿಯುತ್ತಿದೆ ಎಂದು. ಮದ್ದು ತುಂಬಿ ಮೇಲೆ ಜಲ್ಲಿ ಜಡಿದ ಕುಳಿಯನ್ನು ಬಿಚ್ಚುವುದು ಅಪಾಯ, ಬಹಳ ದಿನ ಬಿಡುವುದೂ ಅಪಾಯ ಎಂದಿತು ಕಂಪನಿ. ಸರಿಯೇ. ಆದರೆ 7 ಕುಳಿಗಳಿಂದ ಮದ್ದನ್ನು ಜೋಪಾನವಾಗಿ ಹೊರತೆಗೆದರು! ಅವು ಸಿಡಿದರೆ ಅನುಮತಿಯಿಲ್ಲದ ಬೇರೆ ತಾಣಗಳಿಗೆ ಪೆಟ್ಟಾಗುತ್ತಿತ್ತು. ಕಾನೂನು ಪಾಲನೆ ಅಂದರೆ ಇದು. ಮೇ 24ಕ್ಕೆ ಉಳಿದದ್ದೆಲ್ಲ ಸಿಡಿಯಿತು. ಆಮೇಲೆ ಕ್ಷಮೆ ಕೇಳಿದ್ದು ‘ಆದ ನೋವಿಗೆ’.

ತಮಾಷೆ ಸಾಕು. ಅಗೆತದ ವರದಿ ಕಂಪನಿಯ ಕೈಯಲ್ಲೇ ಇತ್ತು. ಗುಹೆ ಉಳಿಸಿಕೊಂಡು ಗಣಿ ನಡೆಸಲು ಬೇರೆ 3 ದಾರಿಗಳಿದ್ದವು. ಗುಹೆ ಕೆಡವುವ ಈ ದಾರಿಯಲ್ಲಿ 80 ಲಕ್ಷ ಟನ್ ಅದಿರು ಹೆಚ್ಚು ಸಿಗುತ್ತಿತ್ತು, ಅದಕ್ಕೇ ಇದು. ಮುಖ್ಯಾಧಿಕಾರಿ ಕುರ್ಚಿ ಬಿಟ್ಟರು, ಸಂಸದೀಯ ಸಮಿತಿ ದಪ್ಪ ವರದಿ ಕೊಟ್ಟಿತು.

ಹೊಸ ಕಾಯ್ದೆಯೂ ಬಂತು, 2023ರ ಜುಲೈ 1ಕ್ಕೆ. ಬೇಲಿಗೂಟ ನೆಡುವುದಕ್ಕೂ ಅಪ್ಪಣೆ ಬೇಕಾ ಎಂದು ರೈತರು, ಜಮೀನುದಾರರು ಕೂಗಿದರು. ಆಗಸ್ಟ್‌ನಲ್ಲೇ ರಾಜ್ಯ ಸರ್ಕಾರ ಅದನ್ನು ರದ್ದು ಮಾಡುವುದಾಗಿ ಹೇಳಿ, 1972ರ ಕಾಯ್ದೆಯನ್ನೇ ತೇಪೆ ಹಚ್ಚಿ ವಾಪಸ್ ತಂದಿತು. ತೇಪೆಯಲ್ಲಿ ಮೂಲನಿವಾಸಿಗಳಿಗೂ ಮೇಲ್ಮನವಿಯ ಹಕ್ಕಿದೆ. ಕೆಡವಲು ಅನುಮತಿ ಕೊಡುವ ಕಲಂ 18 ಮಾತ್ರ ಇದ್ದಲ್ಲೇ ಕ್ಷೇಮವಾಗಿದೆ.