ಸಕ್ಕರೆ ಬಿಟ್ಟ ಮನೆಗಳು

ನಮ್ಮಲ್ಲಿ ಯಾರಾದ್ರೂ ಕಾಫಿಗೆ ಸಕ್ಕರೆ ಬೇಡ ಅಂದ್ರೆ ಮುಂದಿನ ಪ್ರಶ್ನೆ ಗ್ಯಾರಂಟಿ, "ಯಾಕೆ, ಶುಗರ್ರಾ?" ಆದ್ರೆ 1791ರಲ್ಲಿ ಇಂಗ್ಲೆಂಡಲ್ಲಿ ಟೀಗೆ ಸಕ್ಕರೆ ಬೇಡ ಅಂದ ಜನಕ್ಕೆ ಯಾವ ಕಾಯಿಲೇನೂ ಇರ್ಲಿಲ್ಲ. ಅವರಿಗೆ ಬರ್ತಿದ್ದ ಸಕ್ಕರೆ ಬಹುಪಾಲು ವೆಸ್ಟ್ ಇಂಡೀಸಿಂದು, ಆಫ್ರಿಕಾದಿಂದ ಹಿಡ್ಕೊಂಡು ಬಂದ ಗುಲಾಮರ ಕೈಲಿ ಮಾಡ್ಸಿದ್ದು, ಆ ಗುಲಾಮರ ವ್ಯಾಪಾರ ನಿಲ್ಲಿಸೋಕೆ ತಂದ ಮಸೂದೆ ಆ ವರ್ಷ ಏಪ್ರಿಲಲ್ಲಿ ಪಾರ್ಲಿಮೆಂಟಲ್ಲಿ 163ಕ್ಕೆ 88 ಓಟಿಂದ ಬಿದ್ದೋಯ್ತು, ಇನ್ನು ಇವರನ್ನ ನಂಬ್ಕೊಂಡ್ರೆ ಆಗಲ್ಲ ಅಂತ ಜನ ಅಡುಗೆಮನೇಲೇ ಶುರು ಹಚ್ಕೊಂಡ್ರು.

ವಿಲಿಯಂ ಫಾಕ್ಸ್ ಅನ್ನೋರು ಒಂದು ಕರಪತ್ರ ಬರೆದು ಲೆಕ್ಕಾನೂ ಕೊಟ್ರು: ವಾರಕ್ಕೆ 5 ಪೌಂಡ್ ಸಕ್ಕರೆ ತಿನ್ನೋ ಮನೆ, ಜೊತೆಗೆ ರಮ್ಮೂ ಸೇರಿಸಿ, 21 ತಿಂಗಳು ಬಿಟ್ರೆ ಒಬ್ಬ ಮನುಷ್ಯ ಗುಲಾಮನಾಗೋದೋ ಸಾಯೋದೋ ತಪ್ಪುತ್ತೆ. ವಾರಕ್ಕೆ ಎರಡೂಕಾಲು ಕೇಜಿ! ಅಷ್ಟರಲ್ಲಿ ನಮ್ಮಲ್ಲೊಂದು ನಾಮಕರಣ ಮುಗಿಯುತ್ತೆ.

ಸುಮಾರು 3 ಲಕ್ಷ ಜನ ಬಿಟ್ರು ಅಂತ ಚಳವಳಿಯ ಥಾಮಸ್ ಕ್ಲಾರ್ಕ್‌ಸನ್ ಅಂದಾಜು. ಹೆಂಗಸ್ರಿಗೆ ಓಟಿರ್ಲಿಲ್ಲ, ಆದ್ರೆ ದಿನಸಿ ಚೀಟಿ ಬರೀತಿದ್ದೋರು ಅವರೇ ಅಲ್ವಾ. 1792ರಲ್ಲಿ ಗಿಲ್ರೇ ಒಂದು ವ್ಯಂಗ್ಯಚಿತ್ರ ಬರೆದ, ಅದ್ರಲ್ಲಿ ರಾಜ ಮೂರನೇ ಜಾರ್ಜ್ ಸಪ್ಪೆ ಟೀನ ಚಪ್ಪರಿಸ್ತಾನೆ, ರಾಜಕುಮಾರಿಯರು ಮುಖ ಹುಳ್ಳಗೆ ಮಾಡ್ಕೊಂಡು ಕೂತಿದಾರೆ, ರಾಣಿ ಮಾತ್ರ "ನಿಮ್ಮಪ್ಪಂಗೆ ಎಷ್ಟು ಖರ್ಚು ಉಳಿಯುತ್ತೆ ನೋಡ್ರೇ" ಅಂತ ಪುಸಲಾಯಿಸ್ತಿದಾಳೆ. ಯಾವ ಕಾಲಕ್ಕೂ ಇಂಥಾ ಅಮ್ಮಂದಿರು ಇದ್ದೇ ಇರ್ತಾರೆ ಬಿಡಿ.

ಕಾನೂನು ಬೇಗ ಬದಲಾಗ್ಲಿಲ್ಲ. ಫ್ರಾನ್ಸ್ ಜೊತೆ ಯುದ್ಧ ಬಂತು, ಉತ್ಸಾಹ ಇಳೀತು, ಗುಲಾಮರ ವ್ಯಾಪಾರ ನಿಂತಿದ್ದು 1807ಕ್ಕೆ. ಆದ್ರೆ ಅಂಗಡಿಯವನು ಅಷ್ಟು ವರ್ಷ ಕಾಯಲ್ಲ, ಮೂಟೆ ಖರ್ಚಾಗ್ದೆ ಕೂತ್ರೆ ಅವನಿಗೆ ಬೇಗ ಅರ್ಥ ಆಗುತ್ತೆ. ಕೆಲವರು ಆ ಸಕ್ಕರೆ ಇಡೋದೇ ನಿಲ್ಸಿದ್ರು, ಕೆಲವರು ಈಸ್ಟ್ ಇಂಡಿಯಾ ಸಕ್ಕರೆ, ಅಂದ್ರೆ ನಮ್ಮ ಕಡೇದು, ತರಿಸಿ "ಇದು ಗುಲಾಮರು ಮಾಡಿದ್ದಲ್ಲ" ಅಂತ ಮಾರಿದ್ರು. ನಂಗೆ ನಗು ಬರೋದು ಇಲ್ಲೇ. ಅದೇ 1791-92ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಬರೆಸ್ಕೊಂಡು, ಇಬ್ಬರು ಮಕ್ಕಳನ್ನ ಒತ್ತೆ ತಗೊಂಡು ಹೋಗಿದ್ದು. ಅಲ್ಲಿ ಮಾತ್ರ ಕಂಪನಿ ಸೀಮೆಯ ಸಕ್ಕರೆ ಅಂದ್ರೆ ಪಾಪ ಅಂಟದ ಸಕ್ಕರೆ! ಗಿರಾಕಿ ಕೇಳಿದ್ದು ಒಂದೇ ಪ್ರಶ್ನೆ, ವ್ಯಾಪಾರಿ ಅದೊಂದಕ್ಕಷ್ಟೇ ಉತ್ತರ ಕೊಟ್ಟ.

ಗುಲಾಮರ ವ್ಯಾಪಾರ ನಿಂತ್ರೂ ವೆಸ್ಟ್ ಇಂಡೀಸಲ್ಲಿ ಗುಲಾಮಗಿರಿ ಇನ್ನೂ ನಿಂತಿರ್ಲಿಲ್ಲ, ಅದಕ್ಕೆ 1820ರ ದಶಕದಲ್ಲಿ ಹೆಂಗಸ್ರು ಮತ್ತೆ ಎದ್ರು, ಲೆಸ್ಟರ್ ಊರಲ್ಲಿ ಎಲಿಜಬೆತ್ ಹೇರಿಕ್ ಮತ್ತವರ ಗೆಳತಿಯರು ಮನೆಮನೆ ಬಾಗಿಲು ತಟ್ಟಿದ್ರು. ಆಗಿನ ಸಕ್ಕರೆ ಬಟ್ಟಲುಗಳ ಮೇಲೆ ಒಂದು ಬರಹ ಇರ್ತಿತ್ತು, ಆರು ಮನೆಯವರು ಈಸ್ಟ್ ಇಂಡಿಯಾ ಸಕ್ಕರೆಗೆ ಬದಲಾದ್ರೆ ಒಬ್ಬ ಗುಲಾಮ ಕಮ್ಮಿ ಸಾಕು ಅಂತ. ಲೆಕ್ಕ ಎಷ್ಟು ಸರಿಯೋ, ಆದ್ರೆ ಬಟ್ಟಲಿನ ಐಡಿಯಾ ಮಾತ್ರ ಭಾರೀ ಚೆನ್ನಾಗಿದೆ, ಟೀಗೆ ಬಂದೋರು ಅದನ್ನ ಓದ್ದೇ ಇರೋಕಾಗಲ್ಲ, ಓದಿದ್ಮೇಲೆ ಮುಂದಿನ ವಾರ ಅವರ ಮನೇಲಿ ಟೀ ಕೊಡುವಾಗ "ಇದ್ಯಾವ ಸಕ್ಕರೆ?" ಅಂತ ಇವರು ಕೇಳೇ ಕೇಳ್ತಾರಲ್ಲ.