ಒಂದೇ ಒಂದು ಫೋಟೋ

ನಮ್ಮ ಭಾವ 'ಒಂದೇ ಒಂದು' ಅಂದರೆ ಯಾರೂ ನಂಬಬೇಡಿ. ಫೋನ್ ಎತ್ತಿ ಹಿಡಿದು ಹಿಡಿದು ನನ್ನ ತೋಳು ಇನ್ನೂ ನೋಯುತ್ತಿದೆ. ಪ್ರಾಗ್‌ನಲ್ಲಿ ಮನೆ ಮಾಡಿದವನಿಗೆ ಊರಿಂದ ನೆಂಟರು ಬಂದರೆ ಗೈಡ್ ಕೆಲಸವೂ ಅವನದೇ, ಫೋಟೋ ಕೆಲಸವೂ ಅವನದೇ. ನಿಮಗೂ ಗೊತ್ತಲ್ವಾ?

ಈ ಸಲ ಹೋಗಿದ್ದು ಹೊಲಶೊವಿತ್ಸೆಗೆ. ಜೆಕ್ ದೇಶದ ದಕ್ಷಿಣ ಬೊಹೆಮಿಯಾ ಪ್ರಾಂತ್ಯದ ಪುಟ್ಟ ಹಳ್ಳಿ. ನಡುವೆ ಹುಲ್ಲಿನ ಬಯಲು, ಒಂದು ಕೊಳ, 1755ರ ಪುಟಾಣಿ ಚಾಪೆಲ್, ಸುತ್ತ ರೈತರ ಮನೆಗಳು. ದೂರಕ್ಕೆ ಬ್ಲಾನ್ಸ್ಕಿ ಲೆಸ್ ಗುಡ್ಡಗಳು. ಅವು ಯಾವ ಫೋಟೋದಲ್ಲೂ ಇಲ್ಲ. ಅಲ್ಲಿ ಭಾವನ ತಲೆ ಇದೆ.

ತಪ್ಪು ಮನೆಗಳದ್ದೇ ಅನ್ನಿ. ಮನೆ ಮುಂಭಾಗವೆಲ್ಲ ಬಾಗು, ಬಳ್ಳಿ, ಬಣ್ಣ, ಮೇಲೆ ಇಸವಿ. ಮದುವೆ ರಿಸೆಪ್ಷನ್ ಸ್ಟೇಜಿನ ಹಾಗೆ. ಸ್ಟೇಜ್ ಕಂಡರೆ ಭಾವ ಹತ್ತದೆ ಬಿಡುತ್ತಾರಾ? 1998ರಲ್ಲಿ ಯುನೆಸ್ಕೊ ಇಡೀ ಹಳ್ಳಿಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾವ ಮಾತ್ರ ಒಂದೊಂದೇ ಮನೆಯಾಗಿ ಸೇರಿಸುತ್ತಾ ಹೋದರು.

ಒಂದು ಹಳದಿ ಮನೆಯ ಕಿಟಕಿಯಲ್ಲಿ ಅಜ್ಜಿಯೊಬ್ಬರು ಕಂಡರು. "ಆಹಾ, ಅವರೂ ಬರಲಿ!" ಅಂದರು ಭಾವ. ಅಜ್ಜಿ ಸರ್ರನೆ ಪರದೆ ಎಳೆದರು.

"ಭಾವ, ಇದು ಮ್ಯೂಸಿಯಂ ಅಲ್ಲ. ಜನ ವಾಸ ಇದ್ದಾರೆ."

"ಗೊತ್ತು ಕಣೋ. ತೆಗೀತಾರೆ, ನೀನು ರೆಡಿ ಇರು."

ಕಾದೆವು. ಪರದೆಯ ಅಂಚು ಒಂದಿಷ್ಟು ಸರಿಯಿತು, ಒಂದು ಕಣ್ಣು ಕಂಡಿತು. ಭಾವ ಹಲ್ಲು ಕಿರಿದರು. ಪರದೆ ಮುಚ್ಚಿತು. ಮತ್ತೆ ಸರಿಯಿತು, ಮತ್ತೆ ಹಲ್ಲು, ಮತ್ತೆ ಮುಚ್ಚಿತು. ಇಬ್ಬರಿಗೂ ಬೇರೆ ಕೆಲಸವಿಲ್ಲ. ಬಿಸಿಲಲ್ಲಿ ಒಣಗಿದ್ದು ನಾನು.

ನಾನು ಹೇಳಬೇಕೆಂದಿದ್ದ ಕತೆಗೆ ಪುರುಸೊತ್ತೇ ಸಿಗಲಿಲ್ಲ. 1520ರ ಸುಮಾರಿಗೆ ಪ್ಲೇಗ್ ಬಂದು ಈ ಊರಲ್ಲಿ ಉಳಿದವರು ಇಬ್ಬರೇ ಅಂತೆ. ಬವೇರಿಯಾ, ಆಸ್ಟ್ರಿಯಾ ಕಡೆಯಿಂದ ಜನ ಬಂದು ಮತ್ತೆ ಒಲೆ ಹಚ್ಚಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಮಾತಾಡುವವರನ್ನು ಇಲ್ಲಿಂದ ಹೊರಗೆ ಹಾಕಿದರು. ಎಷ್ಟೋ ಮನೆ ಖಾಲಿ ಬಿದ್ದವು. ಕೆಡವಿ ಹೊಸದು ಕಟ್ಟುವವರಿಲ್ಲದೆ ಹಳೆಯವು ಹಾಗೇ ಉಳಿದವು. ಇಷ್ಟು ಚೆಂದದ ಗೋಡೆಗಳನ್ನು ಬಿಟ್ಟು ಹೋಗುವಾಗ ಅವರು ಎಷ್ಟು ಸಲ ತಿರುಗಿ ನೋಡಿದರೋ.

ಬಯಲಿನ ಉತ್ತರದ ಮೂಲೆಯಲ್ಲಿ ಪ್ಲೇಗಿನ ನೆನಪಿಗೆ ನಿಲ್ಲಿಸಿದ ಕಂಬ ಇದೆ. ಭಾವ ಅದಕ್ಕೆ ಒರಗಿ ವಿಜಯದ ಎರಡು ಬೆರಳು ತೋರಿಸಿದರು.

"ಭಾವ, ಸತ್ತವರನ್ನೆಲ್ಲ ಒಟ್ಟಿಗೆ ಹೂತ ಜಾಗ ಇದು."

ಬೆರಳು ತಟ್ಟನೆ ಕೆಳಗಿಳಿಯಿತು. ಟೋಪಿ ತೆಗೆದರು, ಕೈ ಕಟ್ಟಿದರು, ಮುಖ ಗಂಭೀರ ಮಾಡಿಕೊಂಡರು.

"ಹೌದಾ? ಛೆ, ಪಾಪ. ಹಾಗಾದ್ರೆ ಸೀರಿಯಸ್ಸಾಗಿ ಒಂದೇ ಒಂದು ತೆಗಿ."